ಮಾಪಾಸೆಕಾಳ ಮಣ್ಣಿನ ಗೋಡೆ

ಟೆಯಾಟೆಯಾನೆಂಗ್ ಪೇಟೆಯ ಆ ನೇಯ್ಗೆಮನೆಯಲ್ಲಿ ಹದಿನೆಂಟು ಜನ ಹೆಂಗಸರು ಕೆಲಸ ಮಾಡುತ್ತಿದ್ದರು. ಅವರಲ್ಲೆಲ್ಲ ಮಾಪಾಸೆಕಾಳ ಕೈ ದೊಡ್ಡದು ಎಂದು ಎಲ್ಲರೂ ಒಪ್ಪಿದ್ದರು. ಒಪ್ಪದವರು ಬಾಯಿ ಮುಚ್ಚಿಕೊಂಡಿದ್ದರು. ಗಿರಾಕಿ ಬಾಯಲ್ಲಿ ಹೇಳಿದ್ದನ್ನು ಕಾಗದದ ಮೇಲೆ ಚಿತ್ರವಾಗಿಸುವವಳು ಅವಳೇ, ಕಷ್ಟದ ತುಂಡುಗಳನ್ನು ಮಗ್ಗದ ಮುಂದೆ ನಿಂತು ಮುಗಿಸುವವಳೂ ಅವಳೇ. ಆಡಿನ ಉಣ್ಣೆಯಲ್ಲಿ ನೇಯ್ದ ಆ ಗೋಡೆಪರದೆಗಳು ಹಡಗು ಹತ್ತಿ ಎಲ್ಲೆಲ್ಲಿಯದೋ ಬೈಠಕ್‌ಖಾನೆಗಳಿಗೆ ಹೋಗುತ್ತಿದ್ದವು.

ಎಲ್ಲರಿಗೂ ಬೇಕಾದದ್ದು ಹೆಚ್ಚುಕಡಿಮೆ ಒಂದೇ. ನೀಲಿ ಬೆಟ್ಟ, ದುಂಡು ಗುಡಿಸಲು, ಕಂಬಳಿ ಹೊದ್ದು ಕುದುರೆ ಏರಿದ ಗಂಡಸು. ಒಂದು ಸಲ ಮಾಪಾಸೆಕಾ ಕುದುರೆಯನ್ನು ಹಿಂದಿನಿಂದ ಕಂಡ ಹಾಗೆ ನೇಯ್ದಿದ್ದಳು. ಬಾಲ ನೋಡುವವರ ಕಡೆಗೆ, ಮೂತಿ ಹೊಳೆಯ ನೀರಿಗೆ. ಮೂರು ತಿಂಗಳಿಗೆ ಸರಿಯಾಗಿ ಅದು ವಾಪಸು ಬಂತು. ನೇಯ್ಗೆಮನೆಯ ಯಜಮಾನಿ ಕೆಲೆಬೋನೆ ಕಟ್ಟು ಬಿಚ್ಚಿ ನೋಡಿ, "ಅಲ್ಲ ಕಣೇ, ಸಮುದ್ರದಾಚೆಯಿಂದ ತರಿಸ್ಕೊಂಡು ಕುದುರೆ ಅಂಡು ನೋಡ್ತಾ ಕಾಫಿ ಕುಡೀತಾರಾ ಯಾರಾದ್ರೂ?" ಎಂದಳು. ಹದಿನೆಂಟು ಜನರೂ ನಕ್ಕರು. ಮಾಪಾಸೆಕಾಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಮರುದಿನವೇ ಕುದುರೆಯ ಮುಖ ತಿರುಗಿಸಿದಳು.

ಆ ಕೆಲಸದ ಮೇಲೆ ಅವಳಿಗೆ ಮುನಿಸಿರಲಿಲ್ಲ. ಬಣ್ಣದ ಹಂಡೆಯಿಂದ ಹಬೆಯಾಡುತ್ತ ಮೇಲೆ ಬರುವ ಉಣ್ಣೆಯ ವಾಸನೆ, ಗೆಳತಿಯರ ಬಾಯಿ, ಇಪ್ಪತ್ತು ವರ್ಷದಿಂದ ತಿಂಗಳಿಗೆ ಸರಿಯಾಗಿ ಬರುತ್ತಿದ್ದ ಸಂಬಳ, ಯಾವುದೂ ಅವಳಿಗೆ ಬೇಡವಾಗಿರಲಿಲ್ಲ. ಆದರೆ ನೇಯ್ಗೆಮನೆಯದು ಬೇರೆ, ತನ್ನ ಮನೆಯ ಗೋಡೆಯದು ಬೇರೆ.

ಪ್ರತಿ ವರ್ಷ ಮಳೆಗಾಲ ಮುಗಿದು ಈಸ್ಟರ್ ಹತ್ತಿರ ಬಂದಾಗ ಊರಿನ ಹೆಂಗಸರೆಲ್ಲ ಗೋಡೆಗೆ ಹೊಸದಾಗಿ ಮಣ್ಣು, ಸೆಗಣಿ ಸಾರಿಸಿ, ಹಸಿ ಇರುವಾಗಲೇ ಬೆರಳಿನಲ್ಲೋ ಊಟದ ಮುಳ್ಳುಚಮಚದಲ್ಲೋ ಗೆರೆ ಎಳೆಯುತ್ತಿದ್ದರು. ದಿತೆಮಾ ಎಂದು ಅದರ ಹೆಸರು; ಉತ್ತ ಹೊಲದ ಸಾಲುಗಳಿಗೂ ಅದೇ ಹೆಸರು. ಉಳಿದವರು ಅಜ್ಜಿಯಿಂದ ಕಲಿತ ನಾಲ್ಕು ಎಲೆ, ಎರಡು ಬಾಣ ಎಳೆದು ಹಬ್ಬ ಮುಗಿಸುತ್ತಿದ್ದರು. ಮಾಪಾಸೆಕಾಳಿಗೆ ಮಾತ್ರ ಅದು ವರ್ಷವಿಡೀ ಒಳಗೊಳಗೇ ನಡೆಯುವ ಕೆಲಸ. ಈ ಸಲ ಏನು ಎಳೆಯಬೇಕು ಎಂದು ಮಿನಿಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದಳು, ಕೊಡ ತುಂಬುವವರೆಗೆ ನಲ್ಲಿಯ ಮುಂದೆ ನಿಂತು ಯೋಚಿಸುತ್ತಿದ್ದಳು. ಕಾಗದದ ಮೇಲೆ ಒಂದು ಗೆರೆಯನ್ನೂ ಹಾಕುತ್ತಿರಲಿಲ್ಲ. ಯಾರಿಗೂ ತೋರಿಸಿ, ಹೇಗಿದೆ ಎಂದು ಕೇಳುತ್ತಿರಲಿಲ್ಲ. ಗೋಡೆ ಮುಗಿದ ದಿನ ಅಂಗಳದಲ್ಲಿ ನಿಂತು ಒಬ್ಬಳೇ ನೋಡಿ, ಕೈ ತೊಳೆದು ಒಳಗೆ ಹೋಗುತ್ತಿದ್ದಳು.

ಆ ವರ್ಷ ಅವಳ ತಲೆಯಲ್ಲಿ ಇದ್ದದ್ದು ಒಂದು ಸುಳಿ. ಫೆಬ್ರುವರಿಯಲ್ಲಿ ಬಿದ್ದ ಆಲಿಕಲ್ಲು ಕೆಳಗಿನ ಹೊಲದ ಜೋಳವನ್ನೆಲ್ಲ ಒಂದೇ ಕಡೆಗೆ ಮಲಗಿಸಿಬಿಟ್ಟಿತ್ತು. ನಡುವೆ ಒಂದು ಬಂಡೆ. ಅದರ ಸುತ್ತ ಮಾತ್ರ ದಂಟುಗಳು ಮಗುವಿನ ನೆತ್ತಿಯ ಸುಳಿಯ ಹಾಗೆ ತಿರುಗಿ ಮಲಗಿದ್ದವು. ಬೆಳೆ ಹೋಯಿತೆಂದು ಊರೆಲ್ಲ ತಲೆಯ ಮೇಲೆ ಕೈ ಹೊತ್ತಿದ್ದಾಗ ಮಾಪಾಸೆಕಾ ಬದುವಿನ ಮೇಲೆ ನಿಂತು ಆ ಸುಳಿಯನ್ನೇ ನೋಡುತ್ತಿದ್ದಳು. ಗೋಡೆಯ ಮೇಲೆ ಎಲ್ಲ ಗೆರೆಗಳೂ ನೇರ ಬಂದು ಒಂದು ಕಡೆ ಮಾತ್ರ ಹಾಗೆ ತಿರುಗಿದರೆ ಹೇಗಿರುತ್ತದೆ ಎಂದು ಅಂದಿನಿಂದ ಬೆರಳು ಕಡಿಯುತ್ತಿತ್ತು.

ಇನ್ನು ಅವಳ ಗಂಡ ಲೆಬುಸಾನ ವಿಷಯ. ಇಪ್ಪತ್ತೆರಡು ವರ್ಷ ಗಡಿಯಾಚೆಯ ಚಿನ್ನದ ಗಣಿಯಲ್ಲಿ ಕಲ್ಲು ಒಡೆದು, ಎದೆಯಲ್ಲಿ ಒಂದಿಷ್ಟು ಧೂಳನ್ನೂ ಕೆಮ್ಮನ್ನೂ ತುಂಬಿಕೊಂಡು, ಎರಡು ವರ್ಷದ ಹಿಂದೆ ಮನೆಗೆ ಬಂದಿದ್ದ. ಮಾಪಾಸೆಕಾ ಎಂದರೆ ಪಾಸೆಕಾಳ ಅಮ್ಮ; ಆ ಮಗಳು ಮದುವೆಯಾಗಿ ಹೋಗಿದ್ದಳು. ಎರಡು ಹಸು, ಆರು ಕೋಳಿ, ಒಬ್ಬ ಹೆಂಡತಿ, ಇವಿಷ್ಟೇ ಅವನ ಸಂಸಾರ, ಮೂರನ್ನೂ ಅವನು ಜತನದಿಂದ ನೋಡಿಕೊಳ್ಳುತ್ತಿದ್ದ. ಗಣಿಯಲ್ಲಿದ್ದಾಗ ಈಸ್ಟರಿಗೆ ರಜೆಯಲ್ಲಿ ಬರುವಷ್ಟರಲ್ಲಿ ಗೋಡೆ ಮುಗಿದು ಒಣಗಿರುತ್ತಿತ್ತು. "ಓಹೋ, ಮನೆ ಹಬ್ಬದ ಬಟ್ಟೆ ಹಾಕ್ಕೊಂಡಿದೆ" ಎಂದು ಒಳಗೆ ಹೋಗುತ್ತಿದ್ದ. ಅದರ ಹಿಂದಿನ ದುಡಿಮೆಯನ್ನು ಅವನು ಕಂಡದ್ದು ಈ ಎರಡು ವರ್ಷದಲ್ಲೇ. ಹೆಂಡತಿ ಕೊರಕಲಿನಿಂದ ಬೋಗುಣಿಗಟ್ಟಲೆ ಮಣ್ಣು ತಲೆಯ ಮೇಲೆ ಹೊತ್ತು ತರುವುದು, ಸೆಗಣಿ ತುಳಿಯುವುದು, ಸಂಜೆಗೆ ಸೊಂಟ ಹಿಡಿದುಕೊಂಡು ಬಿರಿದ ಬೆರಳಿಗೆ ಕೊಬ್ಬು ಸವರಿಕೊಳ್ಳುವುದು. ನಾನು ಇಷ್ಟು ವರ್ಷ ದುಡಿದೂ ಇವಳಿಗೆ ಈ ಪಾಡು ತಪ್ಪಲಿಲ್ಲವಲ್ಲ ಎಂದುಕೊಂಡ.

ಮಾರ್ಚಿನಲ್ಲಿ ನೇಯ್ಗೆಮನೆಯವರು ಗಡಿಯಾಚೆಯ ಬ್ಲೂಮ್‌ಫಾಂಟೇನಿನ ಮೇಳವೊಂದರಲ್ಲಿ ಅಂಗಡಿ ಹಾಕಿದರು. ಮಾಪಾಸೆಕಾ ಆರು ದಿನ ಅಲ್ಲಿಗೆ ಹೋಗಬೇಕಾಯಿತು. ಹೊರಡುವ ಬೆಳಿಗ್ಗೆ ಲೆಬುಸಾ ಅವಳ ಚೀಲ ಹೊತ್ತು ರಸ್ತೆಯವರೆಗೂ ಬಂದ. "ನಿಧಾನಕ್ಕೆ ಬಾ, ಅವಸರ ಇಲ್ಲ" ಎಂದು ಮೂರು ಸಲ ಹೇಳಿದ. ಮೂರನೆಯ ಸಲ ಅವಳಿಗೆ ಅನುಮಾನ ಬಂತು.

"ಏನ್ ನ್ತಾತೆ, ನಾನಿಲ್ದಾಗ ಇನ್ನೊಬ್ಬಳನ್ನ ಕರ್ಕೊಂಡು ಬರ್ತೀಯೋ ಹೇಗೆ?" ಎಂದಳು. ನ್ತಾತೆ ಎಂದರೆ ಅಪ್ಪಾ ಎಂದೂ ಆಯಿತು, ಯಜಮಾನರೇ ಎಂದೂ ಆಯಿತು. ಗಂಡನನ್ನು ಅವಳು ಕರೆಯುತ್ತಿದ್ದದ್ದೇ ಹಾಗೆ.

"ಇರೋ ಒಬ್ಬಳನ್ನೇ ಸಂಭಾಳ್ಸೋಕೆ ಆಗ್ತಿಲ್ಲ, ಹೋಗು ಹೋಗು."

ಶನಿವಾರ ಮಧ್ಯಾಹ್ನ ಅವಳು ಮಿನಿಬಸ್ಸಿನಿಂದ ಇಳಿದು ದಾರಿ ಹಿಡಿದಾಗ ತನ್ನ ಮನೆ ಕಾಣಿಸಲಿಲ್ಲ. ಮನೆ ಇದ್ದ ಜಾಗದಲ್ಲಿ ಇನ್ನೊಂದು ಮನೆ ಇತ್ತು. ನುಣ್ಣನೆಯ ಸಿಮೆಂಟಿನ ಗೋಡೆ, ಪೀಚ್ ಹಣ್ಣಿನ ಬಣ್ಣ, ಬುಡದಲ್ಲಿ ಉದ್ದಕ್ಕೂ ಒಂದು ಕೆಂಪು ಪಟ್ಟಿ. ಗಾರೆಯ ಮೊಖೆಲೆ ಇನ್ನೂ ಬಕೀಟು ತೊಳೆಯುತ್ತಿದ್ದ. ಅಂಗಳದ ತುಂಬ ಊರವರು. ಅವರ ಮುಂದೆ ಲೆಬುಸಾ ಭಾನುವಾರದ ಕೋಟು ಹಾಕಿಕೊಂಡು, ಟೋಪಿಯನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು, ಪರೀಕ್ಷೆಗೆ ನಿಂತವನ ಹಾಗೆ ನಿಂತಿದ್ದ. ಗಣಿಯಿಂದ ಬಂದ ಕೊನೆಯ ಹಣವೆಲ್ಲ ಆ ಗೋಡೆಯ ಮೇಲಿತ್ತು.

"ಪಾಸೆಕಾಳ ಅಮ್ಮ, ಇನ್ಮೇಲೆ ನೀನು ಮಣ್ಣು ಹೊರಂಗಿಲ್ಲ" ಎಂದ ಅವನು. "ಸೆಗಣಿ ತುಳಿಯಂಗಿಲ್ಲ. ಮಳೆ ಬಂದ್ರೂ ಏನೂ ಆಗಲ್ಲ. ಹತ್ತು ವರ್ಷ ಹೀಗೇ ಇರುತ್ತೆ ಅಂತ ಮೊಖೆಲೆ ಹೇಳಿದಾನೆ."

"ಹದಿನೈದು" ಎಂದ ಮೊಖೆಲೆ ಬಕೀಟಿನ ಕಡೆಯಿಂದ.

ಮಾಪಾಸೆಕಾ ಚೀಲ ಕೆಳಗಿಟ್ಟಳು. ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟಳು. ಬಿಸಿಲಿನಲ್ಲೂ ತಣ್ಣಗಿತ್ತು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ತುಂಬ ಚೆನ್ನಾಗಿದೆ, ನ್ತಾತೆ" ಎಂದಳು. "ಇಂಥ ಮನೆ ಊರಲ್ಲೇ ಇಲ್ಲ."

ಹೆಂಗಸರು ಕೇಕೆ ಹಾಕಿದರು. ಒಳಗೆ ಮಾಂಸ ಬೇಯುತ್ತಿತ್ತು, ಜೋಳದ ಹುಳಿಹೆಂಡ ಡಬ್ಬದಲ್ಲಿ ನೊರೆಯಾಡುತ್ತಿತ್ತು. ಸಂಜೆಯವರೆಗೂ ಜನ ಬಂದು ಗೋಡೆಯನ್ನು ತಟ್ಟಿ ನೋಡಿ, ಉಂಡು, ಲೆಬುಸಾನ ಬೆನ್ನು ತಟ್ಟಿ ಹೋದರು. ಮಾಪಾಸೆಕಾ ಎಲ್ಲರಿಗೂ ಬಡಿಸಿದಳು, ನಕ್ಕಳು. ಆಮೇಲೆ ಒಳಗೆ ಹೋಗಿ ಕಾಲಿನ ಬೂಟು ಕೂಡ ಬಿಚ್ಚದೆ ಮಂಚದ ತುದಿಯಲ್ಲಿ ತುಂಬ ಹೊತ್ತು ಕೂತಿದ್ದಳು.

ಸೋಮವಾರ ಮಗ್ಗದ ಮುಂದೆ ಪಕ್ಕದ ಕೆಫುವೆಗೆ ಹೇಳಿದಳು. ಕೆಫುವೆ ವಯಸ್ಸಿನಲ್ಲಿ ಚಿಕ್ಕವಳು, ಬಾಯಲ್ಲಿ ಯಾರಿಗೂ ಕಡಿಮೆಯಿಲ್ಲ.

"ನನ್ ಗಂಡ ಮದ್ವೆಯಾಗಿ ಏಳು ವರ್ಷಕ್ಕೆ ಗೋಡೆಗೆ ಒಂದು ಮೊಳೆ ಹೊಡ್ದಿಲ್ಲ. ನಿನ್ ಗಂಡ ಇಡೀ ಮನೆಗೆ ಸಿಮೆಂಟ್ ಬಳಿಸಿದ್ರೆ ಮೂತಿ ಉದ್ದ ಮಾಡ್ಕೊಂಡು ಬಂದಿದೀಯಲ್ಲ ಅಕ್ಕಾ! ಬೇಡಾಂದ್ರೆ ನಮ್ಮನೆಗೆ ಕಳಿಸು, ನಮ್ದೂ ಬಳೀಲಿ."

"ಅವನ ಮೇಲೆ ಏನೂ ಇಲ್ಲ ಕಣೇ. ಅವನ ಮೇಲೆ ಒಂಚೂರೂ ಇಲ್ಲ."

"ಮತ್ತೆ?"

ಮಾಪಾಸೆಕಾ ಉಣ್ಣೆಯ ಎಳೆಯನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿ, "ಮತ್ತೇನಿಲ್ಲ, ಕೆಲ್ಸ ಮಾಡು" ಎಂದಳು.

ಈ ಮಾತು ಕೆಲೆಬೋನೆಯ ಕಿವಿಗೂ ಬಿತ್ತು. ಅವಳು ಒಳ್ಳೆಯ ಹೆಂಗಸು, ಯಾವ ಕಷ್ಟಕ್ಕೂ ಮಗ್ಗದಲ್ಲೇ ಮದ್ದು ಹುಡುಕುವವಳು. "ಅದಕ್ಕೇನಂತೆ? ಮಸೇರುವಿನ ಹೋಟೆಲಿನೋರು ನೆಲಹಾಸಿಗೆ ದಿತೆಮಾ ಥರದ್ದೇ ಏನಾದ್ರೂ ಬೇಕು ಅಂತಿದಾರೆ. ಗೋಡೆ ಮೇಲೆ ಬಿಡಿಸೋದನ್ನ ಇಲ್ಲಿ ಬಿಡಿಸು. ಅಳಿಸಿ ಹೋಗೋದೂ ಇಲ್ಲ, ಕೂಲೀನೂ ಬರುತ್ತೆ" ಎಂದಳು.

ಮಾಪಾಸೆಕಾ ಚೌಕುಳಿ ಕಾಗದ ತೆಗೆದುಕೊಂಡು ಕೂತಳು. ಮೊದಲ ಸಲ ಆ ಸುಳಿಯನ್ನು ಕಾಗದದ ಮೇಲೆ ಇಳಿಸಿದಳು. ಹೋಟೆಲಿನವರು ನೋಡಿ ಮೆಚ್ಚಿದರು, ಒಂದೇ ಒಂದು ತಿದ್ದುಪಡಿ ಹೇಳಿ ಕಳಿಸಿದರು: ನಡುವೆ ಏನೋ ತಿರುಚಿಕೊಂಡಿದೆ, ಅದು ಬೇಡ, ನಾಲ್ಕು ಮೂಲೆಯೂ ಸಮನಾಗಿರಲಿ. ಅವಳು ರಬ್ಬರು ತೆಗೆದುಕೊಂಡು ಸುಳಿಯನ್ನು ಅಳಿಸಿ, ಆ ಜಾಗಕ್ಕೆ ನಾಲ್ಕು ಎಲೆ ಇಟ್ಟುಕೊಟ್ಟಳು. ಬೇಸರವೇನೂ ಆಗಲಿಲ್ಲ. ನೆಲಹಾಸು ಅವರದು, ತುಳಿಯುವವರೂ ಅವರೇ. ಆದರೆ ಹಿಂದೆಲ್ಲ ಹೀಗೆ ಅಳಿಸಿದ್ದನ್ನು ಮನೆಗೆ ಒಯ್ಯಲು ಅವಳಿಗೊಂದು ಗೋಡೆ ಇತ್ತು.

ಮನೆಯಲ್ಲಿ ಅವಳ ಕೈ ಸುಮ್ಮನಿರದಾಯಿತು. ತಟ್ಟೆಯಲ್ಲಿ ಬಡಿಸಿದ ಬಿಸಿ ಮುದ್ದೆಯ ಮೇಲೆ ಮುಳ್ಳುಚಮಚ ತಾನೇ ಸಾಲು ಎಳೆಯುತ್ತಿತ್ತು.

"ಏನಿದು, ನನ್ ಊಟಾನ ಉತ್ತಿದೀಯ?" ಎಂದ ಲೆಬುಸಾ ಒಂದು ದಿನ.

"ಬೇಗ ಆರ್ಲಿ ಅಂತ."

ಅಂಗಳ ಗುಡಿಸಿದರೆ ಪೊರಕೆಯ ಗೆರೆಗಳು ಒಂದಕ್ಕೊಂದು ಹೆಣೆದುಕೊಂಡು ಬಾಗಿಲಿನಿಂದ ಬೇಲಿಯವರೆಗೆ ಹೋಗುತ್ತಿದ್ದವು. ಒಲೆಯ ಬೂದಿಯಲ್ಲಿ ಬೆರಳಿನ ಗುರುತು. ಲೆಬುಸಾ ಮೊದಮೊದಲು ಗಮನಿಸಲಿಲ್ಲ. ಗಮನಿಸಿದ ಮೇಲೆ ಅಂಗಳದ ಗೆರೆಗಳನ್ನು ತುಳಿಯದೆ ಅಂಚಿನಲ್ಲಿ ಸುತ್ತುಬಳಸಿ ಕೊಟ್ಟಿಗೆಗೆ ಹೋಗತೊಡಗಿದ. ಯಾಕೆ ಹಾಗೆ ಮಾಡುತ್ತಿದ್ದೇನೆ ಎಂದು ಅವನಿಗೂ ಗೊತ್ತಿರಲಿಲ್ಲ. ಹಸು ಗೊತ್ತಿಲ್ಲದೆ ತುಳಿದಾಗ ಮಾತ್ರ ಅದಕ್ಕೆ ಬೈದ.

ಈಸ್ಟರಿಗೆ ಮೂರು ವಾರ ಇತ್ತು. ಹೆಂಗಸರು ಬೋಗುಣಿ ಹೊತ್ತು ಕೊರಕಲಿಗೆ ಮಣ್ಣಿಗೆ ಹೊರಟರು. ಮಾಪಾಸೆಕಾ ತಡೆಯಲಾರದೆ, "ಸುಮ್ನೆ ಜೊತೆಗೆ ಬರ್ತೀನಿ" ಎಂದು ಬರಿಗೈಯಲ್ಲಿ ಹಿಂದೆ ಹೋದಳು. ಕೊರಕಲಿನ ದಂಡೆಯ ಮೇಲೆ ಮಾಸೆಲ್ಲೊ ಅಜ್ಜಿ ಕೋಲು ಊರಿ ಕೂತಿತ್ತು. ಅಜ್ಜಿಯದು ಮಾಪಾಸೆಕಾಳ ಪಕ್ಕದ ಒಂಟಿ ಕೋಣೆಯ ಮನೆ. ಬೆರಳುಗಳು ಸೆಟೆದುಕೊಂಡ ಮೇಲೆ ಆರು ವರ್ಷದಿಂದ ಅದರ ಗೋಡೆ ಬರಿದೇ ಇತ್ತು. ಆದರೂ ಪ್ರತಿ ವರ್ಷ ಮಣ್ಣು ತೆಗೆಯುವ ದಿನ ಅಜ್ಜಿ ಬಂದು ಕೂತು, ಯಾರ ಮಣ್ಣು ಒಳ್ಳೆಯದು, ಯಾರದು ಕಲ್ಲು ಎಂದು ತೀರ್ಪು ಕೊಡುತ್ತಿತ್ತು.

"ಓ, ಪೀಚ್ ಅರಮನೆ ರಾಣಿ ಬಂದ್ಲು!" ಎಂದಿತು ಅಜ್ಜಿ. "ಏನು, ಸಿಮೆಂಟಿಗೆ ಮಣ್ಣು ಮೆತ್ತೋಕೆ ಬಂದ್ಯಾ?"

"ನೋಡೋಕೆ ಬಂದೆ ಅಜ್ಜಿ."

"ನೋಡೋಕೆ ಬರೋದು ನನ್ನಂಥ ಕೈ ಸತ್ತೋರು. ನಿಂಗೇನಾಗಿದೆ ಧಾಡಿ? ನನ್ ಗೋಡೆ ಕಣ್ಣಿಗೆ ಕಾಣ್ಸಲ್ವಾ? ಆರು ವರ್ಷದಿಂದ ಬೋಳು ಹೆಂಗಸಿನ ಥರ ನಿಂತಿದೆ. ಬೀದೀಲಿ ಹೋಗೋರೆಲ್ಲ ನಾನು ಸತ್ತೆ ಅಂದ್ಕೋತಾರೆ."

ಮಾಪಾಸೆಕಾ ಅಜ್ಜಿಯ ಮುಖ ನೋಡಿದಳು. "ನಾನು ಬಿಡಿಸಿದ್ರೆ ನೀನು ಬಾಯಿ ಹಾಕಂಗಿಲ್ಲ" ಎಂದಳು.

"ನಾನು ಯಾವತ್ತು ಬಾಯಿ ಹಾಕಿದೀನಿ?" ಎಂದಿತು ಅಜ್ಜಿ, ಸುತ್ತಲಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

ಮುಂದಿನ ಶನಿವಾರ ನೇಯ್ಗೆಮನೆಗೆ ರಜೆ. ಲೆಬುಸಾ ಹಸು ಹೊಡೆದುಕೊಂಡು ಬೆಟ್ಟದ ಕಡೆ ಹೋದ ಮೇಲೆ ಮಾಪಾಸೆಕಾ ಹಳೆಯ ಲಂಗ ಉಟ್ಟು, ಅಜ್ಜಿಯ ಅಂಗಳದಲ್ಲಿ ಮಣ್ಣು ಕಲಸಿದಳು. ತೇವ ಸರಿಯಾಗುವವರೆಗೆ ತುಳಿದಳು. ಅಂಗೈಯಿಂದ ಗೋಡೆಯ ಮೇಲೆ ಒಂದು ಮೊಳ ಸಾರಿಸಿ, ಬೆರಳು ಇಟ್ಟಳು. ಎಡದಿಂದ ಬಂದ ಸಾಲುಗಳು ನೇರ, ಬಿಗಿ, ಉತ್ತ ಹೊಲದ ಹಾಗೆ. ನಡುವೆ ಬಂದಾಗ ಸುಳಿ ತಿರುಗಬೇಕು. ಮೊದಲ ಸಲ ತಿರುಗಿಸಿದ್ದು ಬಸವನಹುಳುವಿನ ಹಾಗಾಯಿತು.

"ಇದೇನು, ಹಾವು ಸುತ್ಕೊಂಡಿದೆಯಾ?" ಎಂದಿತು ಅಜ್ಜಿ, ಕೊಟ್ಟ ಮಾತು ಮರೆತು.

ಅಂಗೈಯಿಂದ ಒರೆಸಿ ಮತ್ತೆ ಸಾರಿಸಿದಳು. ಎರಡನೆಯದು ಅಚ್ಚುಕಟ್ಟಾಗಿತ್ತು, ಹೋಟೆಲಿನವರಿಗೂ ಒಪ್ಪಿಗೆಯಾಗುವಷ್ಟು ಅಚ್ಚುಕಟ್ಟು, ಅದನ್ನೂ ಒರೆಸಿದಳು. ಮೂರನೆಯ ಸಲ ಬೆರಳಿನಿಂದ ಗೆರೆ ಎಳೆಯುವುದನ್ನು ಬಿಟ್ಟು, ಗೋಡೆಗೆ ಮೈ ಒತ್ತಿ ನಿಂತು, ಇಡೀ ತೋಳನ್ನೇ ಹೆಗಲಿನಿಂದ ತಿರುಗಿಸಿದಳು. ನಾಲ್ಕು ಬೆರಳ ನಾಲ್ಕು ಸಾಲುಗಳು ಒಟ್ಟಿಗೆ ಬಾಗಿ, ಕಾಣದ ಬಂಡೆಯೊಂದನ್ನು ಸುತ್ತಿ, ಒಂದರ ಪಕ್ಕ ಒಂದು ಮಲಗಿದವು. ಅವಳು ಉಸಿರು ಬಿಟ್ಟಳು. ಅಜ್ಜಿ ಕೋಲು ಊರಿ ಎದ್ದು ಹತ್ತಿರ ಬಂದು ನೋಡಿತು.

ಮಧ್ಯಾಹ್ನ ಹಸಿವಾಗಿ ಮನೆಗೆ ಬಂದ ಲೆಬುಸಾನಿಗೆ ಒಲೆ ತಣ್ಣಗಿರುವುದು ಕಂಡಿತು. ಹೆಂಡತಿಯನ್ನು ಹುಡುಕುತ್ತ ಪಕ್ಕದ ಅಂಗಳಕ್ಕೆ ಬಂದವನು ಬೇಲಿಯ ಹತ್ತಿರವೇ ನಿಂತ. ಮಾಪಾಸೆಕಾ ಅವನಿಗೆ ಬೆನ್ನು ಮಾಡಿದ್ದಳು. ಬರಿಗಾಲು, ಮೊಣಕೈವರೆಗೂ ಮಣ್ಣು, ಕೂದಲಲ್ಲೂ ಮಣ್ಣು. ಗುಂಯ್ ಎಂದು ಏನೋ ರಾಗ ಎಳೆಯುತ್ತಿದ್ದಳು. ಒಂದು ಹೆಜ್ಜೆ ಹಿಂದೆ ಬಂದು ತಲೆ ಓರೆ ಮಾಡಿ ನೋಡಿ, ಮತ್ತೆ ಗೋಡೆಗೆ ಹೋದಳು. ಪಕ್ಕಕ್ಕೆ ತಿರುಗಿದಾಗ ಅವನಿಗೆ ಅವಳ ಮುಖ ಕಂಡಿತು. ಮದುವೆಯಾದ ಹೊಸದರಲ್ಲಿ ಎಲ್ಲೋ ಒಂದೆರಡು ಸಲ ಕಂಡ ಮುಖ ಅದು.

ಎಷ್ಟು ಹೊತ್ತು ನಿಂತಿದ್ದನೋ, ಕೊನೆಗೆ ಕೆಮ್ಮು ಬಂದು ಸಿಕ್ಕಿಬಿದ್ದ. ಅವಳು ತಿರುಗಿ ನೋಡಿ ಕಳ್ಳಿಯ ಹಾಗೆ ಕೈ ಹಿಂದೆ ಮಾಡಿಕೊಂಡಳು.

"ಇದು ನಿಂಗೆ ಕಷ್ಟ ಅಂದ್ಕೊಂಡಿದ್ದೆ" ಎಂದ ಅವನು.

"ಕಷ್ಟಾನೇ."

"ಮತ್ತೆ?"

"ಮತ್ತೆ ಏನು ನ್ತಾತೆ? ಕಷ್ಟಾನೇ. ಸೊಂಟ ಬಿದ್ದೋಗುತ್ತೆ."

"ನಂಗ್ಯಾಕೆ ಹೇಳ್ಲಿಲ್ಲ? ಸಿಮೆಂಟ್ ಬೇಡ ಅಂತ ಒಂದ್ ಮಾತು."

"ಹೇಗೆ ಹೇಳ್ಲಿ? ಭಾನುವಾರದ ಕೋಟು ಹಾಕ್ಕೊಂಡು, ಟೋಪಿ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ. ನೀನು ನನ್ನ ಮದ್ವೆಗೆ ಕೇಳೋಕೆ ಬಂದಾಗ್ಲೂ ಅಷ್ಟು ಚೆನ್ನಾಗಿ ನಿಂತಿರ್ಲಿಲ್ಲ."

ಲೆಬುಸಾ ನಗಲಿಲ್ಲ. ಹಾಗೇ ತಿರುಗಿ ಮನೆಗೆ ಹೋದ.

ಮರುದಿನ ಅವಳು ಚರ್ಚಿನಿಂದ ಬರುವಾಗ ದೂರದಿಂದಲೇ ಧಡ್ ಧಡ್ ಎಂದು ಕೇಳಿಸಿತು. ಅಂಗಳದಲ್ಲಿ ಮತ್ತೆ ಊರು ಸೇರಿತ್ತು. ಲೆಬುಸಾ ಗಣಿಯಿಂದ ತಂದ ಉಳಿ, ಸುತ್ತಿಗೆ ಹಿಡಿದು ಮುಂಗೋಡೆಯ ಸಿಮೆಂಟನ್ನು ಕೆತ್ತುತ್ತಿದ್ದ. ಸಿಮೆಂಟು ಎಲ್ಲಿ ಬರುತ್ತದೆ? ಅದರ ಜೊತೆಗೆ ಒಳಗಿನ ಹಸಿ ಇಟ್ಟಿಗೆಯೂ ಹೆಂಟೆ ಹೆಂಟೆಯಾಗಿ ಕಳಚುತ್ತಿತ್ತು. ಬಾಗಿಲಿನ ಪಕ್ಕದಲ್ಲಿ ಕೋಳಿ ನುಗ್ಗುವಷ್ಟು ತೂತಾಗಿತ್ತು. ಒಂದು ಕೋಳಿ ಆಗಲೇ ನುಗ್ಗಿತ್ತು. ಮೊಖೆಲೆ ತಲೆಯ ಮೇಲೆ ಕೈಯಿಟ್ಟು, "ಹದಿನೈದು ವರ್ಷ ಅಂದಿದ್ದೆ, ಹದಿನೈದು ದಿನಾನೂ ಬಿಡ್ಲಿಲ್ಲ ಈ ಪುಣ್ಯಾತ್ಮ" ಎಂದು ಗೋಳಾಡುತ್ತಿದ್ದ.

ಮಾಪಾಸೆಕಾ ಓಡಿಬಂದು ಸುತ್ತಿಗೆ ಹಿಡಿದುಕೊಂಡಳು. "ಹುಚ್ಚಾ! ಮನೆ ಬಿದ್ದೋಗುತ್ತೆ!"

"ಒಂದು ಗೋಡೆ ಸಿಮೆಂಟಿಂದ ಬಿಡಿಸ್ಕೊಡ್ತೀನಿ ನಿಂಗೆ. ಮುಂದಿಂದು ಒಂದೇ."

"ಯಾರ್ ಕೇಳಿದ್ರು? ನಂಗೆ ಮನೇನೂ ಬೇಕು ಮಾರಾಯ, ಮಳೆಗೆ ಎಲ್ಲಿ ಮಲಗ್ಲಿ, ನಿನ್ ಟೋಪಿ ಕೆಳಗಾ?"

ಅವನು ತೂತನ್ನು ನೋಡಿದ, ಅವಳನ್ನು ನೋಡಿದ. ತೂತಿನಿಂದ ಕೋಳಿ ತಲೆ ಹೊರಗೆ ಹಾಕಿ ಕೊಕ್ ಎಂದಿತು. ಮೊದಲು ನಕ್ಕವಳು ಮಾಪಾಸೆಕಾಳೇ. ಆಮೇಲೆ ಅವನಿಗೂ ನಗು ಬಂತು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವವರೆಗೂ ಅವಳು ಅವನ ಬೆನ್ನು ನೀವಿದಳು. ಮೊಖೆಲೆ ತೂತು ಮುಚ್ಚಿಕೊಟ್ಟು ಹೋದ. ಪೀಚ್ ಬಣ್ಣ ಮುಗಿದಿತ್ತಾದ್ದರಿಂದ ಅಲ್ಲಿ ಒಂದು ಬೂದು ತೇಪೆ ಉಳಿಯಿತು.

ಮೂರನೆಯ ದಿನ ಅವಳು ಕೆಲಸದಿಂದ ಬಂದಾಗ ಅಂಗಳದ ಮುಂದೆ ಕಲ್ಲುಗಳ ಒಂದು ಸಾಲು ಬಿದ್ದಿತ್ತು. ಹಳೆಯ ಮನೆಗಳಿಗೆಲ್ಲ ಇರುತ್ತಿದ್ದಂಥ ಎದೆಯೆತ್ತರದ ಅಂಗಳದ ಗೋಡೆಯನ್ನು ಅವನು ಕಟ್ಟಲು ಹೊರಟಿದ್ದ. ಬರೀ ಮಣ್ಣು, ಹುಲ್ಲು, ಕಲ್ಲು. ಇಪ್ಪತ್ತೆರಡು ವರ್ಷ ಗೋಡೆ ಒಡೆದವನಿಗೆ ಗೋಡೆ ಕಟ್ಟುವುದು ಬರಲಿಲ್ಲ. ಮೊದಲ ಭಾಗ ಮಳೆಗಾಲದ ಕೊನೆಯ ಜಡಿಗೆ ಕುಸಿದು ಕೂತಿತು.

"ಕುಡಿದು ಕಟ್ಟಿದ್ಯೇನೋ ಲೆಬುಸಾ?" ಎಂದಿತು ಮಾಸೆಲ್ಲೊ ಅಜ್ಜಿ ತನ್ನ ಸುಳಿಯ ಗೋಡೆಗೆ ಒರಗಿ ಕೂತು. ಈಗ ಬೀದಿಯಲ್ಲಿ ಹೋಗುವವರೆಲ್ಲ ಆ ಗೋಡೆ ನೋಡಲು ನಿಲ್ಲುತ್ತಿದ್ದರಿಂದ ಅಜ್ಜಿಗೆ ಗತ್ತು ಬಂದಿತ್ತು. "ಬುಡಕ್ಕೆ ದೊಡ್ಡ ಕಲ್ಲು ಹಾಕೋ. ಮೊದ್ಲು ಬುಡ, ಆಮೇಲೆ ತಲೆ. ನಿಂದೇ ಮೈ ನೋಡ್ಕೊ, ಹಂಗೇ ಇದೆಯಲ್ಲ."

ಅವನು ಬುಡಕ್ಕೆ ದೊಡ್ಡ ಕಲ್ಲು ಹಾಕಿದ. ಎರಡನೆಯ ಸಲ ಗೋಡೆ ನಿಂತಿತು, ನಡುವೆ ಮಾತ್ರ ಸ್ವಲ್ಪ ಹೊಟ್ಟೆ ಬಂತು. ಅದನ್ನು ಒಡೆದು ಸರಿಮಾಡುತ್ತೇನೆ ಎಂದಾಗ ಮಾಪಾಸೆಕಾ, "ಮುಟ್ಬೇಡ, ಹಾಗೇ ಇರ್ಲಿ" ಎಂದಳು. ಆ ಉಬ್ಬಿನ ಮೇಲೆ ಗೆರೆಗಳು ಹತ್ತಿ ಇಳಿದರೆ ಹೇಗೆ ಎಂದು ಅವಳ ತಲೆ ಆಗಲೇ ಓಡತೊಡಗಿತ್ತು.

ಈಸ್ಟರಿನ ಹಿಂದಿನ ಗುರುವಾರ ಇಬ್ಬರೂ ಗೋಡೆಗೆ ಇಳಿದರು. ಮಣ್ಣು ಹೊರುವುದು ಲೆಬುಸಾನ ಕೈಗಾಡಿಯ ಪಾಲಿಗೆ ಬಂದಿತ್ತು. ಅವನು ಪ್ಯಾಂಟು ಮೊಣಕಾಲಿನ ಮೇಲೆ ಮಡಚಿ ಸೆಗಣಿಮಣ್ಣು ತುಳಿದ. ತುಳಿಯುತ್ತ ತುಳಿಯುತ್ತ ಅವನಿಗೂ ಹುರುಪು ಬಂತು.

"ಪಾಸೆಕಾಳ ಅಮ್ಮ, ಒಂದು ಮೂಲೆ ನಂಗೂ ಕೊಡು. ಕೋಳಿಗೂಡಿನ ಹಿಂದಿಂದು. ಯಾರಿಗೂ ಕಾಣ್ಸಲ್ಲ."

"ನಂಗೆ ಕಾಣ್ಸುತ್ತೆ."

"ಒಂದು ಎಲೆ ಬಿಡಿಸ್ತೀನಿ. ಒಂದೇ ಎಲೆ."

"ಎಲೆಯೂ ಇಲ್ಲ ಗಿಲೆಯೂ ಇಲ್ಲ. ಇದು ನನ್ ಗೋಡೆ ನ್ತಾತೆ. ನೀನು ತುಳಿ."

ಬಾಗಿ ಸಾರಿಸುತ್ತಿದ್ದವಳು ತಲೆಯೆತ್ತಿ ನೋಡಿದಳು, ಎಲ್ಲಿ ನೊಂದುಕೊಂಡನೋ ಎಂದು. ಅವನೇನೂ ನೊಂದಿರಲಿಲ್ಲ. ಬೈಸಿಕೊಂಡ ಎತ್ತಿನ ಹಾಗೆ ತಲೆ ಅಲ್ಲಾಡಿಸಿ ಮತ್ತೆ ತುಳಿಯತೊಡಗಿದ್ದ. ತುಳಿತದ ಲಯಕ್ಕೆ ಏನೋ ಬಾಯಲ್ಲಿ ಗುನುಗುತ್ತಿದ್ದ. ಮೊದಲು ಅವಳು ಪ್ರಾರ್ಥನೆಯೋ ಏನೋ ಎಂದುಕೊಂಡಳು. ಮಾತು ಬಿಡಿಬಿಡಿಯಾಗಿ ಕಿವಿಗೆ ಬಿದ್ದಾಗ ಕೈ ನಿಲ್ಲಿಸಿದಳು.

"ಏನದು?"

"ಏನಿಲ್ಲ."

"ಇಲಿ ಅಂದೆಯಲ್ಲ. ಏನು ಇಲಿ?"

ಲೆಬುಸಾ ಮಣ್ಣಿನಲ್ಲಿ ನಿಂತೇ ನಾಚಿಕೊಂಡ. ಐವತ್ತಾರು ವರ್ಷದ ಗಂಡಸು ಹಾಗೆ ನಾಚಿಕೊಂಡದ್ದನ್ನು ಅವಳು ಕಂಡಿರಲಿಲ್ಲ. ಗಣಿಯಲ್ಲಿ ಎಲ್ಲರೂ ಹಾಡು ಕಟ್ಟುತ್ತಿದ್ದರು ಎಂದ ಅವನು. ಗಣಿಯ ಕಬ್ಬಿಣದ ತೊಟ್ಟಿಲಲ್ಲಿ ಇಳಿಯುವಾಗ, ಹತ್ತುವಾಗ, ರೈಲಿನಲ್ಲಿ. ಹೆಚ್ಚಿನವರು ನಾನು ಎಂಥ ಗಂಡು, ಎಷ್ಟು ದೂರ ನಡೆದೆ, ಯಾರನ್ನು ಹೊಡೆದೆ ಎಂದು ಕಟ್ಟುತ್ತಿದ್ದರು. ತನಗೆ ಅದೆಲ್ಲ ಬರುತ್ತಿರಲಿಲ್ಲ. ತನ್ನ ಬುತ್ತಿಯ ರೊಟ್ಟಿ ತಿನ್ನುತ್ತಿದ್ದ ಒಂದು ಇಲಿಯ ಮೇಲೆ ಕಟ್ಟಿದ್ದ. ವರ್ಷ ವರ್ಷ ಒಂದೊಂದು ಸಾಲು ಸೇರಿ ಉದ್ದವಾಗಿತ್ತು.

"ಎಷ್ಟು ಉದ್ದ?"

"ಒಂದು ಹೊತ್ತು ಹಾಡ್ಬಹುದು."

"ಇಪ್ಪತ್ತೆರಡು ವರ್ಷ! ನಂಗೆ ಒಂದಿನಾನೂ ಹೇಳ್ಲಿಲ್ಲವಲ್ಲ!"

"ನೀನು ಕೇಳ್ಲಿಲ್ಲವಲ್ಲ" ಎಂದ ಲೆಬುಸಾ. ಮಾತಿನಲ್ಲಿ ಕೊಂಕಿರಲಿಲ್ಲ. "ಊರಿಗೆ ಬಂದ್ರೆ ಹಸು, ಮನೆ, ನೀನು. ಅದೆಲ್ಲ ಅಲ್ಲೇ ಕೆಳಗೆ ಬಿಟ್ಟು ಬರ್ತಿದ್ದೆ."

ಮಾಪಾಸೆಕಾ ಗೋಡೆ ಕಟ್ಟಿ ಉಳಿದಿದ್ದ ಒಂದು ಕಲ್ಲಿನ ಮೇಲೆ ಕೂತಳು. ಕೈಯ ಮಣ್ಣು ಒಣಗಿ ಬಿರಿಯುತ್ತಿತ್ತು. "ಹಾಡು" ಎಂದಳು.

"ಮಣ್ಣು ಒಣಗುತ್ತೆ."

"ಒಣಗ್ಲಿ. ನೀರು ಹಾಕ್ತೀನಿ. ಹಾಡು."

ಅವನು ಗಂಟಲು ಸರಿಮಾಡಿಕೊಂಡು, ಬೆಟ್ಟದ ಕಡೆ ಮುಖ ಮಾಡಿ, ಅವಳನ್ನು ನೋಡದೆ ಶುರು ಮಾಡಿದ:

"ಇಲಿಯೇ, ನನ್ನ ರೊಟ್ಟಿ ಮುರಿದ ಇಲಿಯೇ,
ಯಾವ ಕಾಗದ ತೋರಿಸಿ ಗಡಿ ದಾಟಿ ಬಂದೆ?
ಯಾವ ತೊಟ್ಟಿಲಲ್ಲಿ ನನ್ನ ಜೊತೆ ಪಾತಾಳಕ್ಕಿಳಿದೆ?
ನಿನಗೂ ಮೇಲೆ ಹೆಂಡತಿ ಇದ್ದಾಳಾ, ಇಲಿಯೇ?
ಅವಳಿಗೆ ಒಂದು ತುಣುಕು ಇಟ್ಟುಕೊಂಡೆಯಾ?"

ದನಿ ಚೆನ್ನಾಗಿತ್ತು ಎನ್ನಲಾಗದು. ಮೇಲೆ ಹೋದಾಗ ಕೆಮ್ಮು ಅಡ್ಡ ಬರುತ್ತಿತ್ತು, ಅವನು ನಿಲ್ಲಿಸಿ ಉಗುಳಿ ಮತ್ತೆ ಹಿಡಿಯುತ್ತಿದ್ದ. ಹಾಡಿನಲ್ಲಿ ಮುಂದೆ ಎಲ್ಲವೂ ಬಂತು: ಇಲಿಗೂ ಸಂಬಳ ಬರುವ ದಿನ, ಇಲಿ ಹೆಂಡತಿಗೆ ಕಂಬಳಿ ಕೊಂಡದ್ದು, ಬಂಡೆ ಕುಸಿದ ದಿನ ಇಲಿ ಎಲ್ಲಿ ಅಡಗಿತ್ತು ಎಂದು ಗೆಳೆಯರೆಲ್ಲ ಹುಡುಕಿದ್ದು. ಮಾಪಾಸೆಕಾ ಮೊದಲು ನಕ್ಕಳು. ಬಂಡೆ ಕುಸಿದ ಕಡೆ ನಗು ನಿಂತಿತು. ಅಂಥದೊಂದು ದಿನ ಇತ್ತೆಂದು ಅವನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.

"ಸ್ವಲ್ಪ ಜೋರಾಗಿ ಹಾಡೋ!" ಎಂದು ಬೇಲಿಯಾಚೆಯಿಂದ ಮಾಸೆಲ್ಲೊ ಅಜ್ಜಿ ಕೂಗಿತು. "ಇಲಿ ಸತ್ತೋಯ್ತಾ ಇದೆಯಾ, ಕೇಳಿಸ್ತಿಲ್ಲ ನಂಗೆ!"

"ಬದುಕಿದೆ ಅಜ್ಜೀ!" ಎಂದು ಮಾಪಾಸೆಕಾ ಕೂಗಿ ಹೇಳಿದಳು.

ಲೆಬುಸಾ ಮುಂದಿನ ಸಾಲಿಗೆ ಬಾಯಿ ತೆರೆದು ಹಾಗೇ ನಿಂತ. ಮರೆತುಹೋಗಿತ್ತು. ತಲೆ ಕೆರೆದುಕೊಂಡ, ಮತ್ತೆ ಮೊದಲಿನಿಂದ ಎರಡು ಸಾಲು ಗುನುಗಿ ನೋಡಿದ, ಆದರೂ ಬರಲಿಲ್ಲ.

"ತುಳಿ" ಎಂದಳು ಮಾಪಾಸೆಕಾ ಎದ್ದು, ಕೊಡದ ನೀರನ್ನು ಅವನ ಪಾದದ ಸುತ್ತ ಮಣ್ಣಿಗೆ ಸುರಿಯುತ್ತ. "ತುಳೀತಾ ಇರು, ಬರುತ್ತೆ."

ಅವನು ತುಳಿಯತೊಡಗಿದ. ಅವಳು ಒಂದು ಬೊಗಸೆ ಮಣ್ಣು ತೆಗೆದುಕೊಂಡು ಗೋಡೆಯ ಉಬ್ಬಿನ ಹತ್ತಿರ ಹೋದಳು.